ಬೆಂಗಳೂರಿನ ಸೆರೆಮನೆ, ಚಿಕ್ಕಮಗಳೂರಿನ ಮತಪೆಟ್ಟಿಗೆ



ನಮ್ಮ ಮಕ್ಕಳು ಶಾಲೆಯಲ್ಲಿ ತುರ್ತುಪರಿಸ್ಥಿತಿಯ ಪಾಠ ಓದುತ್ತಾರೆ. ಅದರಲ್ಲಿ ದೆಹಲಿಯ ಹೆಸರುಗಳೇ ಹೆಚ್ಚು. ಆದರೆ ಆ ಕಥೆಯ ದೊಡ್ಡದೊಂದು ಪಾಲು ನಡೆದದ್ದು ನಮ್ಮ ನಾಡಿನಲ್ಲೇ. ಸಲಾಲಾದಲ್ಲಿರುವ ನಮ್ಮ ನಡುವೆ ಎಲ್ಲ ಪಕ್ಷಗಳ ಅಭಿಮಾನಿಗಳೂ ಇದ್ದಾರೆ. ಯಾರನ್ನೂ ನೋಯಿಸುವ ಉದ್ದೇಶ ಈ ಬರಹಕ್ಕಿಲ್ಲ. ಅಧಿಕಾರದಲ್ಲಿದ್ದವರಿಂದ ಲೆಕ್ಕ ಕೇಳುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರ ಕಾಲದಲ್ಲಿ ಏನು ಉತ್ತರ ಸಿಕ್ಕಿತು ಎಂದು ನೋಡೋಣ.

ಎಲ್ಲದಕ್ಕೂ ಮೂಲ ಒಂದು ಚುನಾವಣಾ ತಕರಾರು. 1971ರಲ್ಲಿ ರಾಯ್‌ಬರೇಲಿಯಿಂದ ಇಂದಿರಾ ಗಾಂಧಿಯವರು ಗೆದ್ದರು. ಸೋತ ರಾಜ್‌ನಾರಾಯಣ್ ನ್ಯಾಯಾಲಯಕ್ಕೆ ಹೋದರು. 1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಆ ಆಯ್ಕೆಯನ್ನು ರದ್ದು ಮಾಡಿದರು. ಸರ್ಕಾರಿ ಅಧಿಕಾರಿಗಳನ್ನು ಚುನಾವಣೆಯ ಕೆಲಸಕ್ಕೆ ಬಳಸಿದ್ದು ತಪ್ಪು ಎಂಬುದು ತೀರ್ಪು. ಹದಿಮೂರು ದಿನ ಕಳೆದು, ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಜಾರಿಯಾಯಿತು.

ಮರುದಿನವೇ ಬೆಂಗಳೂರಿನಲ್ಲಿ ಬಂಧನಗಳು ಶುರುವಾದವು. ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರು ಶೇಷಾದ್ರಿ ರಸ್ತೆಯ ಕೇಂದ್ರ ಕಾರಾಗೃಹ ಸೇರಿದರು. ನಮ್ಮವರೇ ಆದ ರಾಮಕೃಷ್ಣ ಹೆಗಡೆ, ದೇವೇಗೌಡರೂ ಸೆರೆಯಾದರು. ಹೆಸರಾಂತ ನಾಯಕರಿಗೆ ಸೆರೆವಾಸವೇ ಶಿಕ್ಷೆಯಾಯಿತು. ಹೆಸರಿಲ್ಲದವರ ಪಾಡು ಬೇರೆ.

ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ತಲೆಮರೆಸಿಕೊಂಡಿದ್ದರು. ಅವರು ಎಲ್ಲಿದ್ದಾರೆಂದು ಹೇಳಿಸುವುದಕ್ಕಾಗಿ 1976ರ ಮೇ 1ರಂದು ಪೊಲೀಸರು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್‌ರನ್ನು ಹಿಡಿದೊಯ್ದರು. ದೊಣ್ಣೆಯಿಂದ ಬಡಿದು ಚಿತ್ರಹಿಂಸೆ ಕೊಟ್ಟರು. ಅವರ ತಾಯಿ ಆಲಿಸ್ ಫೆರ್ನಾಂಡಿಸ್ ಮಗನಿಗಾದ ಹಿಂಸೆಯನ್ನು ವಿವರಿಸಿ ರಾಷ್ಟ್ರಪತಿಗಳಿಗೆ ಪತ್ರ ಬರೆದರು.

ಅದರ ಮರುದಿನವೇ ಬಂಧನವಾದದ್ದು ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರದು. ಆಸ್ತಮಾ ರೋಗಿ. ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಕೊನೆಗೆ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಎಂಟು ತಿಂಗಳಿಗೂ ಹೆಚ್ಚು ಕಾಲ ಅವರನ್ನು ಅದೇ ಜೈಲಿನಲ್ಲಿಟ್ಟರು. ದೇಹ ಪೂರ್ತಿ ಕುಸಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಐದೇ ದಿನಕ್ಕೆ ಅವರು ತೀರಿಕೊಂಡರು.

ಇಂಥವರು ನ್ಯಾಯ ಕೇಳಲು ಎಲ್ಲಿಗೆ ಹೋಗಬೇಕಿತ್ತು? ಬಂಧನವನ್ನು ಪ್ರಶ್ನಿಸುವ ಅರ್ಜಿಗಳನ್ನು ಕೇಳಬಹುದು ಎಂದು ಕರ್ನಾಟಕವೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ಆ ಬಾಗಿಲನ್ನೂ ಮುಚ್ಚಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಲಾರೆನ್ಸ್ ಮತ್ತು ಸ್ನೇಹಲತಾ ಬಂಧನವಾದದ್ದು ಆ ತೀರ್ಪಿನ ಅದೇ ವಾರದಲ್ಲಿ ಎಂಬುದನ್ನು ಗಮನಿಸಬೇಕು.

1977ರ ಮಾರ್ಚಿನಲ್ಲಿ ಚುನಾವಣೆ ನಡೆದು, ರಾಯ್‌ಬರೇಲಿಯಲ್ಲಿ ಇಂದಿರಾ ಅವರು ಅದೇ ರಾಜ್‌ನಾರಾಯಣ್ ಎದುರು ಸೋತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಆದರೆ ಕರ್ನಾಟಕದಲ್ಲಿ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು! ಇದಕ್ಕೆ ಕಾರಣ ಹುಡುಕಲು ನಾವು ದೂರ ಹೋಗಬೇಕಿಲ್ಲ. ದೇವರಾಜ ಅರಸರ ಭೂಸುಧಾರಣೆ ನಡೆದದ್ದು ಆ ವರ್ಷಗಳಲ್ಲೇ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಎಷ್ಟೋ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಗದ್ದೆ ಸಿಕ್ಕಿದ್ದೂ ನಿಜ, ಜೈಲಿನಲ್ಲಿ ಹೊಡೆತ ಬಿದ್ದದ್ದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಡಬಾರದು. ಆದರೆ ಓಟಿನ ಚೀಟಿಯಲ್ಲಿ ಎರಡಕ್ಕೂ ಸೇರಿ ಇರುವುದು ಒಂದೇ ಮುದ್ರೆ. ಜೈಲಿನೊಳಗಿನ ಲೆಕ್ಕವನ್ನು ಮತಪೆಟ್ಟಿಗೆಯೊಂದೇ ಕೇಳಲಾರದು.

ಆ ಲೆಕ್ಕ ಕೇಳಲೆಂದೇ ಜನತಾ ಸರ್ಕಾರ 1977ರ ಮೇ ತಿಂಗಳಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ ನೇಮಿಸಿತು. ಆಯೋಗ ಮೂರು ವರದಿ ಕೊಟ್ಟಿತು. ಅದರ ಮುಂದೆ ಪ್ರಮಾಣವಚನ ಸ್ವೀಕರಿಸಿ ಸಾಕ್ಷ್ಯ ಹೇಳಲು ಇಂದಿರಾ ಅವರು ಒಪ್ಪಲಿಲ್ಲ. ಇತ್ತ ಸರ್ಕಾರಕ್ಕೆ ಅವಸರ. 1977ರ ಅಕ್ಟೋಬರ್ 3ರಂದು ಅವರನ್ನು ಬಂಧಿಸಿದರು. ಸಾಕಷ್ಟು ಆಧಾರವಿಲ್ಲವೆಂದು ನ್ಯಾಯಾಲಯ ಮರುದಿನವೇ ಬಿಡಿಸಿತು.

ಆಗ ಬಂತು ಚಿಕ್ಕಮಗಳೂರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರ್ ಉಪಚುನಾವಣೆಯಲ್ಲಿ ಇಂದಿರಾ ಅವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಆರೋಪದ ಮೇಲೆ ಅವರನ್ನು ಸದನದಿಂದ ಹೊರಹಾಕಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಿತು. ಚಿಕ್ಕಮಗಳೂರಿನವರು ಆರಿಸಿ ಕಳಿಸಿದ ಪ್ರತಿನಿಧಿ ಎರಡು ತಿಂಗಳೂ ಸದನದಲ್ಲಿ ಕೂರಲಿಲ್ಲ. 1980ರಲ್ಲಿ ಅವರು ಮತ್ತೆ ಪ್ರಧಾನಿಯಾದರು. 1981ರ ಮೇ ತಿಂಗಳಲ್ಲಿ ಹೊಸ ಲೋಕಸಭೆ ಹಳೆಯ ನಿರ್ಣಯವನ್ನೇ ರದ್ದುಪಡಿಸಿತು. ಬಹುಮತ ಕೊಟ್ಟ ಶಿಕ್ಷೆಯನ್ನು ಇನ್ನೊಂದು ಬಹುಮತ ಅಳಿಸಿತು.

ಹಾಗಾದರೆ ಉಳಿದದ್ದೇನು? ಉಳಿದದ್ದು ಕಾನೂನು. 1978ರ ಸಂವಿಧಾನದ 44ನೇ ತಿದ್ದುಪಡಿಯ ಮೇಲೆ, ‘ಆಂತರಿಕ ಗಲಭೆ’ ಎಂಬ ನೆಪದಿಂದ ತುರ್ತುಪರಿಸ್ಥಿತಿ ಹೇರುವಂತಿಲ್ಲ. ಸಶಸ್ತ್ರ ದಂಗೆಯೇ ಆಗಬೇಕು. ಮಂತ್ರಿಮಂಡಲದ ತೀರ್ಮಾನ ಬರಹದಲ್ಲಿರಬೇಕು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತುರ್ತುಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ.

ಇನ್ನೊಂದು ಫಲ ನಮ್ಮೆಲ್ಲರ ಕಪಾಟಿನಲ್ಲೇ ಇದೆ. 1977ರಲ್ಲಿ ಜನತಾ ಸರ್ಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ತಿಳಿಸದೆ ವಶಕ್ಕೆ ಕೇಳಿತು. ಸರ್ಕಾರದ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕೆಂದು 1978ರ ಜನವರಿ 25ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪಾಸ್‌ಪೋರ್ಟನ್ನೇ ನಂಬಿ ಪರದೇಶದಲ್ಲಿರುವ ನಮಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಹಿಂದಿನವರ ತಪ್ಪಿನ ವಿಚಾರಣೆಗೂ ನಿಯಮ ಮುರಿಯಬಾರದು ಎಂಬುದೇ ಅದರ ಸಾರ.

1976ರ ಆ ಮುಚ್ಚಿದ ಬಾಗಿಲು? ಅದು ಪೂರ್ತಿ ತೆರೆಯಲು 41 ವರ್ಷ ಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಹಳೆಯ ತೀರ್ಪನ್ನು ತಳ್ಳಿಹಾಕಿತು. ಹಳೆಯ ತೀರ್ಪಿನ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಗ ಡಿ.ವೈ. ಚಂದ್ರಚೂಡರೇ ಅದನ್ನು ತಪ್ಪೆಂದು ಬರೆದರು.

ಸ್ನೇಹಲತಾ ಅವರ ಪಾಲಿಗೆ ಇದಾವುದೂ ಹೊತ್ತಿಗೆ ಒದಗಲಿಲ್ಲ. ಆದ್ದರಿಂದಲೇ ನಾಯಕರು ಗೆದ್ದ ಸೋತ ಕಥೆಗಿಂತ ಮೊದಲು ಅವರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಹಳೆಯ ಕೇಂದ್ರ ಕಾರಾಗೃಹ ಈಗ ಸ್ವಾತಂತ್ರ್ಯ ಉದ್ಯಾನ, ಅಂದರೆ ಫ್ರೀಡಂ ಪಾರ್ಕ್ ಆಗಿದೆ. ಮುಂದಿನ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಾಲ್‌ಗಳ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡು ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ ಎಂದು ನಮ್ಮ ವಿನಂತಿ.