ಮನೆಮಂದಿಯ ಕ್ಯಾಮರಾ: ಕ್ಲಿಕ್-ತ್ರೀಯಿಂದ ಡಿಜಿಟಲ್‌ವರೆಗೆ

ದೆಹಲಿಯಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಹಳೆಯ ಆಲ್ಬಮ್ಮುಗಳನ್ನು ತಿರುವಿ ಹಾಕಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕರೋಲ್‌ಬಾಗಿನ ಬಾಡಿಗೆ ಮನೆಯ ತಾರಸಿ, ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸು, ಇಂಡಿಯಾ ಗೇಟಿನ ಹುಲ್ಲುಹಾಸು ಎಲ್ಲವೂ ಕಪ್ಪು-ಬಿಳುಪಿನಲ್ಲಿ ಭದ್ರವಾಗಿವೆ. ಬಳಿಕ ಬಣ್ಣದ ಚಿತ್ರಗಳು ಬರುತ್ತವೆ. 2004-05ರ ಸುಮಾರಿಗೆ ಬಂದರೆ ಅನೇಕ ಮನೆಗಳಲ್ಲಿ ಪುಟಗಳು ಖಾಲಿ. ಮಕ್ಕಳು ಹುಟ್ಟಲಿಲ್ಲವೇ, ನಾಮಕರಣಗಳು ನಡೆಯಲಿಲ್ಲವೇ? ನಡೆದವು, ಚಿತ್ರಗಳನ್ನೂ ಹಿಂದೆಂದಿಗಿಂತ ಹೆಚ್ಚಾಗಿಯೇ ತೆಗೆದರು. ಉಳಿದಿಲ್ಲ, ಅಷ್ಟೇ.

ಇದಕ್ಕೆ ಕಾರಣ ಹುಡುಕಬೇಕಾದರೆ ಮನೆಯೊಳಗೆ ಕ್ಯಾಮರಾ ಬಂದ ಬಗೆಯನ್ನು ನೋಡಬೇಕು. 1900ರಲ್ಲಿ ಕೊಡಾಕ್ ಸಂಸ್ಥೆ ಒಂದು ಡಾಲರಿಗೆ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮರಾ ಮಾರಿದಾಗ, ಚಿತ್ರ ತೆಗೆಯುವ ಕೆಲಸ ಸ್ಟುಡಿಯೋದವರ ಕೈಯಿಂದ ಮನೆಯವರ ಕೈಗೆ ಬಂತು. ನಮ್ಮ ದೇಶದ ಮಧ್ಯಮ ವರ್ಗಕ್ಕೆ ಆ ಭಾಗ್ಯ ತಂದುಕೊಟ್ಟದ್ದು ಬಡೋದೆಯ ನ್ಯೂ ಇಂಡಿಯಾ ಇಂಡಸ್ಟ್ರೀಸಿನವರು ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್-ತ್ರೀ. ಬಿಸಿಲಿದೆಯೇ, ಮೋಡವಿದೆಯೇ ಎಂದು ನೋಡಿ ಗುರುತು ತಿರುಗಿಸುವುದು, ಗುಂಡಿ ಒತ್ತುವುದು, ಇಷ್ಟೇ ವಿದ್ಯೆ. ಒಂದು ರೀಲಿಗೆ ಚೌಕಾಕಾರದ 12 ಚಿತ್ರ. ಕೇಂದ್ರ ಸರ್ಕಾರವೇ 1960ರಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸಂಸ್ಥೆ ಸ್ಥಾಪಿಸಿ, ನಮ್ಮ ಗಡಿಯಾಚೆಯ ಊಟಿಯಲ್ಲಿ 'ಇಂದು' ಹೆಸರಿನ ಫಿಲ್ಮು ತಯಾರಿಸಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಹನ್ನೆರಡೇ ಚಿತ್ರ ಎಂಬ ಬಡತನದಲ್ಲಿ ಒಂದು ಅನುಕೂಲವಿತ್ತು. ರೀಲು ಮುಗಿದರೆ ತೊಳೆಸಲೇಬೇಕು, ತೊಳೆಸಿದರೆ ಕಾಗದದ ಮೇಲೆ ಬರಲೇಬೇಕು. ಎರಡು ಪ್ರತಿ ಹಾಕಿಸಿ ಒಂದನ್ನು ಧಾರವಾಡಕ್ಕೋ ಉಡುಪಿಗೋ ಪತ್ರದ ಜತೆ ಅಂಚೆಗೆ ಹಾಕುತ್ತಿದ್ದರು. ಮೊಮ್ಮಗುವನ್ನು ಅಜ್ಜಿ ಮೊದಲು ಕಂಡದ್ದು ಎಷ್ಟೋ ಸಲ ಆ ಲಕೋಟೆಯಲ್ಲಿಯೇ.

ಈ ಮಾತಿನಲ್ಲಿ ಟಿ.ಎಸ್. ಸತ್ಯನ್ ಅವರನ್ನು ನೆನೆಯದಿರಲಾಗದು. ಮೈಸೂರಿನ ಸತ್ಯನ್ (1923-2009) ಬಹುಕಾಲ ದೆಹಲಿಯಲ್ಲಿದ್ದರು. 1977ರಲ್ಲಿ ಪದ್ಮಶ್ರೀ ಪಡೆದರು. ರಾಜಧಾನಿಯಲ್ಲಿದ್ದೂ ಅವರಿಗೆ ಹೆಸರು ತಂದದ್ದು ಗಣ್ಯರ ಚಿತ್ರಗಳಿಗಿಂತ ಸಾಮಾನ್ಯ ಜನರ, ಮಕ್ಕಳ ದಿನನಿತ್ಯದ ಚಿತ್ರಗಳು. ಕ್ಯಾಮರಾ ಕೊಳ್ಳಹೊರಟವರು ಅಂಗಡಿಗೆ ಹೋಗುವ ಮೊದಲು ಅವನ್ನೊಮ್ಮೆ ನೋಡುವುದು ಲೇಸು.

ಇನ್ನು ಡಿಜಿಟಲ್ಲಿನ ಕಥೆ. 1975ರಲ್ಲಿ ಕೊಡಾಕಿನ ಇಂಜಿನಿಯರ್ ಸ್ಟೀವನ್ ಸ್ಯಾಸನ್ ತಯಾರಿಸಿದ ಯಂತ್ರ ಕೇವಲ 10,000 ಚುಕ್ಕೆಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ನಡುವಿನ ಹತ್ತು ವರ್ಷ ನಾವೆಲ್ಲ ಚಾಂದನಿ ಚೌಕ, ನೆಹರೂ ಪ್ಲೇಸುಗಳಲ್ಲಿ ಮೆಗಾಪಿಕ್ಸೆಲ್ ಎಂಬ ಮಂತ್ರ ಜಪಿಸುತ್ತ ಅಲೆದೆವು. ಲೆಕ್ಕ ಹಾಕಿದ್ದರೆ ತಿಳಿಯುತ್ತಿತ್ತು: ಅಂಗುಲಕ್ಕೆ 300 ಚುಕ್ಕೆಯಂತೆ 4x6 ಅಂಗುಲದ ಚಿತ್ರಕ್ಕೆ ಬೇಕಾದದ್ದು ಸುಮಾರು 22 ಲಕ್ಷ ಚುಕ್ಕೆ, ಎಂದರೆ ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚು. 8x10ಕ್ಕೆ 72 ಲಕ್ಷ ಸಾಕು. ಕೇಳಬೇಕಾಗಿದ್ದುದು ಬೇರೆ. ಚಳಿಗಾಲದ ಸಂಜೆ, ಒಂದೇ ದೀಪದ ಕೋಣೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯುವಾಗ ಚಿತ್ರ ಬರುತ್ತದೆಯೇ? ಅದು ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು, ಮಸೂರ ಎಷ್ಟು ಬೆಳಕು ಬಿಡುತ್ತದೆ ಎಂಬುದನ್ನು ಅವಲಂಬಿಸಿದೆ. ಮಸೂರವೇ ಚಲಿಸುವ ಜೂಮ್ ನಿಜವಾದದ್ದು. ಡಿಜಿಟಲ್ ಜೂಮ್ ಎಂದರೆ ಚಿತ್ರದ ಒಂದು ತುಂಡನ್ನು ಹಿಗ್ಗಿಸಿ ತೋರಿಸುವುದು.

ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಡು. 2002ರಲ್ಲಿ ಒಲಿಂಪಸ್, ಫ್ಯೂಜಿ ಸಂಸ್ಥೆಗಳು ಎಕ್ಸ್‌ಡಿ ಕಾರ್ಡು ತಂದವು. ಸೋನಿಯವರದು ಮೆಮೊರಿ ಸ್ಟಿಕ್. ಕೊನೆಗೆ ಗೆದ್ದದ್ದು ಎಸ್‌ಡಿ. ಸೋತ ಕಾರ್ಡುಗಳಲ್ಲಿ, ಕೆಟ್ಟ ಕಂಪ್ಯೂಟರುಗಳಲ್ಲಿ, ಗೀರುಬಿದ್ದ ಸಿಡಿಗಳಲ್ಲಿ ನಮ್ಮ ಆ ಖಾಲಿ ಪುಟಗಳು ಅಡಗಿವೆ.

2010ರಲ್ಲಿ ಜಗತ್ತಿನಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮರಾಗಳು ಅಂಗಡಿಗಳಿಗೆ ಹೋದವು. 2023ರಲ್ಲಿ ಒಂದು ಕೋಟಿಯೂ ಇಲ್ಲ. ಆ ಜಾಗವನ್ನು ಮೊಬೈಲು ಹಿಡಿದಿದೆ, ದಿನನಿತ್ಯಕ್ಕೆ ಅದು ಸಾಲದೆಂದು ನಾನು ಹೇಳಲಾರೆ. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಕುಗ್ಗಿ ಹೋಗುತ್ತದೆ. ಊರಿನವರು ಅಚ್ಚು ಹಾಕಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಈಗ ಕಾಲೇಜು ಮಕ್ಕಳು ಹಳೆಯ ಪುಟ್ಟ ಡಿಜಿಟಲ್ ಕ್ಯಾಮರಾಗಳನ್ನೇ ಹುಡುಕುತ್ತಿದ್ದಾರೆ. ಕೊಳ್ಳುವವರು ಅದಕ್ಕೆ ಎಸ್‌ಡಿ ಕಾರ್ಡು ಹಿಡಿಸುತ್ತದೆಯೇ, ಬ್ಯಾಟರಿ ಈಗಲೂ ಸಿಗುತ್ತದೆಯೇ ಎಂದು ಅಂಗಡಿಯಲ್ಲಿಯೇ ಹಾಕಿಸಿ ನೋಡಲಿ.

ಗುರುಗ್ರಾಮದಲ್ಲಿ 2019ರಲ್ಲಿ ತೆರೆದ ಮ್ಯೂಸಿಯೋ ಕ್ಯಾಮರಾದಲ್ಲಿ ಛಾಯಾಗ್ರಾಹಕ ಆದಿತ್ಯ ಆರ್ಯ ಅವರು ಕೂಡಿಸಿದ ಹಳೆಯ ಕ್ಯಾಮರಾಗಳನ್ನು ಕಾಣಬಹುದು. ಮಕ್ಕಳನ್ನು ಕರೆದೊಯ್ಯುವ ಭಾನುವಾರಕ್ಕೆ ಮುಂಚೆ, ಕಪಾಟಿನ ಡಬ್ಬಿಯಲ್ಲಿ ಎಕ್ಸ್‌ಡಿ ಕಾರ್ಡೇನಾದರೂ ಇದೆಯೇ ನೋಡಿ. ಅದನ್ನು ಓದುವ ರೀಡರು ಇನ್ನೂ ಹುಡುಕಿದರೆ ಸಿಗುತ್ತದೆ.