ತಿರಸ್ಕಾರ ಒಂದೇ, ಬಗೆ ಹಲವು

ಕಸಿ ಎಂಬುದು ಮೂಲತಃ ತೋಟಗಾರರ ಮಾತು. ಕಾಡುಮಾವಿನ ಗಿಡಕ್ಕೆ ಒಳ್ಳೆಯ ತಳಿಯ ಕಡ್ಡಿ ಕಟ್ಟಿದರೆ ಅದು ತಕರಾರಿಲ್ಲದೆ ಚಿಗುರುತ್ತದೆ. ಮನುಷ್ಯ ಶರೀರ ಅಷ್ಟು ಉದಾರಿಯಲ್ಲ. ಪರರ ಅಂಗವನ್ನು ಗುರುತಿಸಿ ತಿರಸ್ಕರಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸುಟ್ಟ ಗಾಯಗಳಿಗೆ ಅನ್ಯರ ಚರ್ಮ ಅಂಟಿಸಿ ನೋಡಿದ ಪೀಟರ್ ಮೆಡಾವರ್, ಇದು ರೋಗನಿರೋಧಕ ಶಕ್ತಿಯ ಕೆಲಸವೆಂದು ತೋರಿಸಿದರು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಮಾಡಿದ ಕಿಡ್ನಿ ಕಸಿ ಫಲಿಸಿದ್ದು, ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದುದರಿಂದ. 1962ರಲ್ಲಿ ಅವರೇ ಅಜಾಥಿಯೋಪ್ರಿನ್ ಔಷಧದ ಬಲದಿಂದ ರಕ್ತಸಂಬಂಧವಿಲ್ಲದ ದಾನಿಯ ಕಿಡ್ನಿಯನ್ನೂ ನಿಲ್ಲಿಸಿದರು. 1983ರಲ್ಲಿ ಅಮೆರಿಕದಲ್ಲಿ ಸೈಕ್ಲೋಸ್ಪೋರಿನ್‌ಗೆ ಒಪ್ಪಿಗೆ ದೊರೆತ ಮೇಲೆ ದಾರಿ ಇನ್ನಷ್ಟು ಸುಗಮವಾಯಿತು.

ಆದರೂ ತಿರಸ್ಕಾರ ನಿಲ್ಲಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ತಾಯಿಯೇ ಕಿಡ್ನಿ ಕೊಟ್ಟಿದ್ದರು. ಚಿಕಿತ್ಸೆಯ ನಂತರವೂ ಅದು ಉಳಿಯದಾದಾಗ ಅವಳು, "ಪಕ್ಕದ ಹಾಸಿಗೆಯವರಿಗೆ ನಾಟಿದ ಔಷಧಿ ನನಗ್ಯಾಕೆ ನಾಟಲಿಲ್ಲ, ಮೇಷ್ಟ್ರೇ?" ಎಂದಿದ್ದಳು. ವೈದ್ಯಲೋಕವೂ ಬಹುಕಾಲ ಕೇಳಿಕೊಂಡ ಪ್ರಶ್ನೆಯಿದು.

ಸೂಜಿಯಿಂದ ಕಿಡ್ನಿಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅಂದಿನ ಪರೀಕ್ಷೆ. 1991ರಲ್ಲಿ ಕೆನಡಾದ ಬ್ಯಾನ್ಫ್ ಪಟ್ಟಣದಲ್ಲಿ ಸೇರಿದ ತಜ್ಞರು ಅದಕ್ಕೊಂದು ಸಮಾನ ಅಳತೆಗೋಲು ರೂಪಿಸಿದರು. ಆದರೆ ಅದು ಅಳೆಯುವುದು ಕಣ್ಣಿಗೆ ಕಂಡದ್ದನ್ನು ಮಾತ್ರ.

2003ರಲ್ಲಿ ಸ್ಟ್ಯಾನ್‌ಫರ್ಡಿನ ಮಿನ್ನಿ ಸರ್ವಾಲ್ ಮತ್ತು ಸಂಗಡಿಗರು 67 ಬಯಾಪ್ಸಿಗಳಲ್ಲಿ ಸಾವಿರಾರು ಜೀನ್‌ಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆದರು. ಜೀನ್‌ಗಳು ಗ್ರಂಥವಾದರೆ, ಆರ್‌ಎನ್‌ಎ ಎಂಬುದು ಜೀವಕೋಶ ಆ ಹೊತ್ತಿನಲ್ಲಿ ಓದುತ್ತಿರುವ ಪುಟದ ನಕಲು. ಸೂಕ್ಷ್ಮದರ್ಶಕಕ್ಕೆ ಒಂದೇ ಆಗಿ ಕಂಡ ತಿರಸ್ಕಾರದಲ್ಲಿ ಕನಿಷ್ಠ ಮೂರು ಬಗೆಗಳ ಸುಳಿವು ಸಿಕ್ಕಿತು. ಬಿ ಕಣಗಳು ದಟ್ಟವಾಗಿ ನೆರೆದ ಕಡೆ ಸ್ಟೀರಾಯ್ಡ್‌ಗೆ ಜಗ್ಗದಿರುವುದೂ ಕಿಡ್ನಿ ಕಳೆದುಕೊಳ್ಳುವುದೂ ಹೆಚ್ಚಾಗಿತ್ತು.

ಮೇಷ್ಟರಾದವರಿಗೆ ಇದು ಅಪರಿಚಿತವಲ್ಲ. ಅಂಕಪಟ್ಟಿಯಲ್ಲಿ ಇಬ್ಬರು ಮಕ್ಕಳೂ ನಪಾಸು. ಒಬ್ಬನಿಗೆ ಕರಿಹಲಗೆ ಕಾಣದು, ಇನ್ನೊಬ್ಬ ಹಸಿದು ಬಂದವನು. ಇಬ್ಬರಿಗೂ ಒಂದೇ ಮದ್ದು ಸಲ್ಲದು.

ಎಡ್ಮಂಟನ್ನಿನ ಫಿಲಿಪ್ ಹ್ಯಾಲೊರನ್ ಈ ವಿಧಾನವನ್ನು 'ಅಣುಮಟ್ಟದ ಸೂಕ್ಷ್ಮದರ್ಶಕ'ವಾಗಿ ಬೆಳೆಸಿದರು. ಟಿ ಕಣಗಳ ದಾಳಿ ಸಾಮಾನ್ಯವಾಗಿ ಸ್ಟೀರಾಯ್ಡ್‌ಗೆ ಮಣಿಯುತ್ತದೆ. ಪ್ರತಿಕಾಯಗಳ ದಾಳಿ ಸುಲಭವಾಗಿ ಮಣಿಯದು. ಈ ಎರಡನೆಯದಕ್ಕೆ ಫೆಲ್ಜಾರ್ಟಮ್ಯಾಬ್ ಎಂಬ ಔಷಧವನ್ನು 22 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2024ರಲ್ಲಿ ಬಂತು. ಔಷಧ ಪಡೆದವರಲ್ಲಿ ಮರುಬಯಾಪ್ಸಿಯಾದ 11 ಮಂದಿಯ ಪೈಕಿ 9 ಜನರಲ್ಲಿ ತಿರಸ್ಕಾರದ ಲಕ್ಷಣ ಅಳಿದಿತ್ತು. ಪಡೆಯದ 10 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಜೀನ್‌ಗಳ ಅಳತೆಯೂ ಅದಕ್ಕೆ ಸಾಕ್ಷಿ ನುಡಿಯಿತು. ಆದರೆ ಆ ಒಂಬತ್ತರಲ್ಲಿ ಮೂವರಿಗೆ ರೋಗ ಮರುಕಳಿಸಿತು. ಹಾದಿ ಇನ್ನೂ ಮುಗಿದಿಲ್ಲ.

ನಮ್ಮ ದೇಶದಲ್ಲಿ ಬಹುಪಾಲು ಕಿಡ್ನಿಗಳು ಬದುಕಿರುವ ಬಂಧುಗಳಿಂದಲೇ ಬರುತ್ತವೆ. ತಾಯಿ ಎರಡನೆಯ ಸಲ ಕೊಡಲಾರಳು. ಹಾಗಾಗಿ ಕೊಟ್ಟದ್ದು ಏಕೆ ನಿಲ್ಲಲಿಲ್ಲ ಎಂಬುದನ್ನು ಬಗೆಬಗೆಯಾಗಿ ಬಿಡಿಸಿ ತಿಳಿಯುವುದು, ಆಕೆಯ ದಾನಕ್ಕೆ ವಿಜ್ಞಾನ ಸಲ್ಲಿಸಬೇಕಾದ ಗೌರವವೆಂದು ನನ್ನ ಭಾವನೆ.