ಕೈ ಕುದುರಿದ ಮೇಲೆ ಓದುವ ಪುಸ್ತಕ

ಸಾಗರದ ಬಿ.ಎಚ್. ರಸ್ತೆಯ ವರ್ಕ್‌ಶಾಪಿನಲ್ಲಾಗಲಿ, ಹೊಸನಗರದ ಪೇಟೆಯಲ್ಲಾಗಲಿ, ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಯಂತ್ರ ಕಟ್ಟುವ ಶೆಡ್ಡಿನಲ್ಲಾಗಲಿ, ವೆಲ್ಡಿಂಗ್ ಎಲ್ಲಿ ಕಲಿತಿರಿ ಎಂದು ಕೇಳಿದರೆ ಬರುವ ಉತ್ತರ ಒಬ್ಬ ಮನುಷ್ಯನ ಹೆಸರು. ಪುಸ್ತಕದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಮೊದಲು ಸ್ಲ್ಯಾಗ್ ಬಡಿಯುವುದು, ಆಮೇಲೆ ಗ್ರೈಂಡರ್, ಆಮೇಲೆ ಟ್ಯಾಕ್ ಹೊಡೆಯುವುದು, ಯಜಮಾನರು ಊಟಕ್ಕೆ ಹೋದಾಗ ಕದ್ದುಮುಚ್ಚಿ ಒಂದು ರಾಡ್ ಸುಡುವುದು. ಈ ಕಸುಬು ಇಲ್ಲಿ ಬೆಳೆದದ್ದೇ ಹೀಗೆ. ಹಾಗಿದ್ದರೆ ಸುಮಾರು ನೂರು ವರ್ಷದಿಂದ ಅಚ್ಚಾಗುತ್ತ ಬಂದಿರುವ ವೆಲ್ಡಿಂಗ್ ಪುಸ್ತಕಗಳು ಯಾರಿಗಾಗಿ?

ಮೊದಮೊದಲು ಅವು ಕಲಿಯುವ ಹುಡುಗನಿಗಾಗಿ ಇರಲಿಲ್ಲ. ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ 1904ರಲ್ಲಿ ಇಸಾಬ್ ಕಂಪನಿ ಕಟ್ಟಿ, ಲೇಪನವಿರುವ ರಾಡಿಗೆ ಪೇಟೆಂಟ್ ಪಡೆದ ಮೇಲೆ ಆರ್ಕ್ ವೆಲ್ಡಿಂಗ್ ನಂಬಬಹುದಾದ ಕೆಲಸವಾಯಿತು. ಆದರೆ ಸೇತುವೆ, ಬಾಯ್ಲರ್, ಹಡಗು ಕಟ್ಟುವ ಎಂಜಿನಿಯರುಗಳು ರಿವೆಟ್ ಬಿಟ್ಟುಬರಲು ತಯಾರಿರಲಿಲ್ಲ. ಅವರನ್ನು ಒಪ್ಪಿಸಬೇಕಿತ್ತು. ಅಮೆರಿಕದ ಲಿಂಕನ್ ಎಲೆಕ್ಟ್ರಿಕ್ ಕಂಪನಿ 1933ರಲ್ಲಿ ತಂದ ದಪ್ಪ ಕೈಪಿಡಿ, ಅಲ್ಲಿನ ವೆಲ್ಡಿಂಗ್ ಸೊಸೈಟಿ 1938ರಲ್ಲಿ ತಂದ ಹ್ಯಾಂಡ್‌ಬುಕ್ ಎರಡರಲ್ಲೂ ಲೆಕ್ಕ, ಕೋಷ್ಟಕ, ವಿನ್ಯಾಸಗಳದ್ದೇ ಭರಾಟೆ. ಮಷೀನು ಮಾರುವ ಕಂಪನಿಯೇ ಪುಸ್ತಕವನ್ನೂ ಅಚ್ಚು ಹಾಕಿಸಿತು ಎಂಬುದನ್ನು ಮರೆಯಬಾರದು. ಇವತ್ತಿಗೂ ಒಳ್ಳೆಯ ವೆಲ್ಡಿಂಗ್ ಸಾಹಿತ್ಯದ ಬಹುಪಾಲು ರಾಡ್ ಮತ್ತು ಮಷೀನು ಮಾರುವವರದ್ದೇ.

ನಮ್ಮ ಕಡೆ ಈ ಬರೆದಿಟ್ಟ ವಿದ್ಯೆ ಮೊದಲು ಕಾಲಿಟ್ಟದ್ದು ನೀರಿನ ಯೋಜನೆಗಳ ಜೊತೆ ಎನ್ನಬಹುದು. 1948ರ ಜೋಗದ ವಿದ್ಯುದಾಗಾರ, 1964ರ ಲಿಂಗನಮಕ್ಕಿ ಅಣೆಕಟ್ಟು ಮತ್ತು ಶರಾವತಿ ವಿದ್ಯುದಾಗಾರ, ಆಮೇಲೆ ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟು, ವಾರಾಹಿ. ಗುಡ್ಡದ ಮೇಲಿಂದ ನೀರು ಇಳಿಸುವ ಉಕ್ಕಿನ ಪೆನ್‌ಸ್ಟಾಕಿಗೆ ಅಂದಾಜಿನ ಬೆಸುಗೆ ನಡೆಯುವುದಿಲ್ಲ. ಅಂಥ ಕಡೆ ಯಾವ ರಾಡ್, ಎಷ್ಟು ಆಂಪಿಯರ್, ಎಷ್ಟು ಪದರ ಎಂದು ಮೊದಲೇ ಬರೆದಿಡುತ್ತಾರೆ; ವೆಲ್ಡರನ್ನು ಪರೀಕ್ಷೆ ಮಾಡಿಯೇ ಕೆಲಸಕ್ಕೆ ಬಿಡುತ್ತಾರೆ. ಅದೇ ತಾಲ್ಲೂಕಿನ ಪೇಟೆಯಲ್ಲಿ ಗೇಟು, ಗ್ರಿಲ್ಲು, ಟಿಲ್ಲರ್ ಟ್ರೈಲರು ಮಾಡುವವನ ಹತ್ತಿರ ಅಳತೆ ಗೀಚಿದ ಚೀಟಿ ಬಿಟ್ಟರೆ ಬೇರೆ ಕಾಗದವಿಲ್ಲ.

ಎರಡರ ನಡುವೆ ಸೇತುವೆಯಾಗಬೇಕಿದ್ದದ್ದು ಐ.ಟಿ.ಐ. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ಶುರುಮಾಡಿತು. 1986ರಲ್ಲಿ ಜರ್ಮನಿಯ ನೆರವಿನಿಂದ ಚೆನ್ನೈಯಲ್ಲಿ ಒಂದು ಸಂಸ್ಥೆ ಹುಟ್ಟಿತು. ಈಗ ಎಲ್ಲರೂ ಅದನ್ನು ನಿಮಿ ಎನ್ನುತ್ತಾರೆ. ಪ್ರತಿ ಟ್ರೇಡಿಗೆ ಥಿಯರಿಗೊಂದು, ಪ್ರಾಕ್ಟಿಕಲ್ಲಿಗೊಂದು ಪುಸ್ತಕ ಅದರದ್ದು. ಚಿತ್ರಗಳು ಅಚ್ಚುಕಟ್ಟು, ಅಭ್ಯಾಸಗಳ ಕ್ರಮ ಸರಿ: ಮೊದಲು ತಗಡಿನ ಮೇಲೆ ನೇರ ಗೆರೆ, ಆಮೇಲೆ ಮೂಲೆ ಜೋಡಣೆ, ಕೊನೆಗೆ ಪೈಪು. ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಈಗ ಪುಕ್ಕಟೆಯಾಗಿ ಸಿಗುತ್ತವೆ. ಇಷ್ಟೆಲ್ಲ ಇದ್ದೂ ಒಂದು ತೊಡಕು ಉಳಿದಿದೆ. ವೆಲ್ಡರ್ ಟ್ರೇಡಿಗೆ ಎಂಟನೇ ತರಗತಿ ಪಾಸಾದವನು ಸೇರಬಹುದು. ಪುಸ್ತಕದ ಭಾಷೆ ಮಾತ್ರ ಡಿಪ್ಲೊಮಾದವನಿಗೆ ಬರೆದಂತಿದೆ. ಪರೀಕ್ಷೆ ಮುಗಿದ ಮೇಲೆ ಅದು ಅಟ್ಟ ಸೇರಿದರೆ ಹುಡುಗನನ್ನು ಬೈಯುವಂತಿಲ್ಲ.

ಅಲ್ಲದೆ ಕೈಯ ವಿದ್ಯೆಯನ್ನು ಪುಸ್ತಕ ಕಲಿಸಲಾರದು. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವಿನ ಅಂತರ ಸುಮಾರು ರಾಡಿನ ದಪ್ಪದಷ್ಟೇ ಇರಬೇಕು ಎಂದು ಪುಸ್ತಕ ಹೇಳುತ್ತದೆ. ರಾಡ್ ಕ್ಷಣಕ್ಷಣಕ್ಕೂ ಕರಗಿ ಗಿಡ್ಡವಾಗುತ್ತಿರುವಾಗ ಕಪ್ಪು ಗಾಜಿನ ಹಿಂದೆ ನಿಂತು ಆ ಅಂತರ ಕಾಯುವುದು ಕಿವಿಯ ಕೆಲಸ. ಸರಿ ಇದ್ದರೆ ಕಾದ ಎಣ್ಣೆಗೆ ಹಪ್ಪಳ ಬಿಟ್ಟಂಥ ಸದ್ದು, ಹೆಚ್ಚಾದರೆ ಫೂತ್ಕಾರ, ಕಡಿಮೆಯಾದರೆ ರಾಡ್ ಅಂಟಿ ನಿಲ್ಲುತ್ತದೆ. ಕೋಷ್ಟಕಗಳಿಗೂ ಮಿತಿಯಿದೆ. 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪಿಯರ್ ಎಂದು ಬರೆದವನಿಗೆ ಸಂಜೆ ಹೊತ್ತು ನಮ್ಮ ಹಳ್ಳಿ ಲೈನಿನಲ್ಲಿ ವೋಲ್ಟೇಜ್ ಇಳಿಯುವ ಕಥೆ ಗೊತ್ತಿಲ್ಲ. ಹಳೆಯ ಆಯಿಲ್ ಮಷೀನು ಆಗ ಗುರುತು ತೋರಿಸಿದಷ್ಟು ಕರೆಂಟು ಕೊಡುವುದೇ ಇಲ್ಲ.

ಹಾಗಾದರೆ ಪುಸ್ತಕ ಬೇಡವೇ? ಬೇಕು, ಆದರೆ ಎರಡು ಮೂರು ವರ್ಷ ಕೈ ಸುಟ್ಟುಕೊಂಡವನಿಗೆ. ಕೈಯಿಂದ ಎಷ್ಟು ದಿನ ಮಾಡಿದರೂ ಗೊತ್ತಾಗದ ಸಂಗತಿಗಳು ಈ ಕಸುಬಿನಲ್ಲಿವೆ, ಮಲೆನಾಡಿನಲ್ಲಂತೂ ಜಾಸ್ತಿ.

ಮಳೆಯನ್ನೇ ನೋಡಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ, ಹೊಸನಗರದ ಹುಲಿಕಲ್ಲೂ ಕಡಿಮೆಯದಲ್ಲ. ಆಷಾಢದಲ್ಲಿ ಒಡೆದಿಟ್ಟ ರಾಡ್ ಪ್ಯಾಕೆಟ್ ಥಂಡಿ ಹಿಡಿಯುತ್ತದೆ. ಬೀಡ್ ತುಂಬ ಸಣ್ಣ ತೂತು, ಸಿಡಿತ ಬೇರೆ. ರಾಡುಗಳನ್ನು ಒಂದಕ್ಕೊಂದು ತಟ್ಟಿ, ಠಣ್ ಎನ್ನದೆ ಮೆತ್ತಗೆ ಸದ್ದು ಬಂದರೆ ತೇವ ಎಂದು ಹಳಬರು ತೀರ್ಮಾನಿಸಿ ಒಲೆಯ ಪಕ್ಕ ಇಡುತ್ತಾರೆ. ಇಲ್ಲಿಯವರೆಗೆ ಪುಸ್ತಕದ ಹಂಗಿಲ್ಲ. ಆದರೆ ಪ್ಯಾಕೆಟ್ ಮೇಲಿನ ಇ 6013 ಮತ್ತು ಇ 7018 ಎರಡಕ್ಕೂ ಒಂದೇ ಕಾವು ಸಾಲದು ಎಂಬುದು ತಟ್ಟಿ ನೋಡಿದರೆ ತಿಳಿಯುವುದಿಲ್ಲ. ಮೊದಲನೆಯದಕ್ಕೆ ಸುಮಾರು 100 ಡಿಗ್ರಿಯ ಆಸುಪಾಸು ಸಾಕು. ಎರಡನೆಯದಕ್ಕೆ 250 ಡಿಗ್ರಿಗೂ ಮೇಲೆ ಬೇಕು. ಒಲೆಯ ಪಕ್ಕ ಅದು ಸಿಗದು. ತೇವದ ನೀರು ಆರ್ಕಿನಲ್ಲಿ ಒಡೆದು ಹೈಡ್ರೋಜನ್ ಆಗಿ ಲೋಹದೊಳಗೆ ಸೇರುತ್ತದೆ. ಗೇಟಿನ ಮೆದು ಉಕ್ಕಿಗೆ ದೊಡ್ಡ ತೊಂದರೆಯಿಲ್ಲ. ಲಾರಿಯ ಹಳೆ ಪಟ್ಟಾದಂಥ ಗಡಸು ಉಕ್ಕಾದರೆ, ಸಂಜೆ ಚೆಂದ ಕಂಡ ಬೆಸುಗೆ ಮರುದಿನ ತನ್ನಷ್ಟಕ್ಕೆ ಸೀಳಿರುತ್ತದೆ. ಕಾರಣ ಗೊತ್ತಿಲ್ಲದವನು ಕಬ್ಬಿಣವೇ ಸರಿಯಿಲ್ಲ ಎನ್ನುತ್ತಾನೆ.

ಟಿಲ್ಲರಿನ ಬಿರುಕು ಬಿಟ್ಟ ಬೀಡು ಕಬ್ಬಿಣದ ಭಾಗವೂ ಹೀಗೇ. ನಿಕ್ಕಲ್ ರಾಡ್, ಒಂದೊಂದು ಅಂಗುಲದ ತುಂಡು ಬೀಡ್, ಬಿಸಿ ಇರುವಾಗಲೇ ಸಣ್ಣಗೆ ಸುತ್ತಿಗೆ ಏಟು, ಕೊನೆಗೆ ಬೂದಿಯಲ್ಲಿ ಹೂತು ನಿಧಾನ ಆರಿಸುವುದು. ಅಡಿಕೆ ಬೇಯಿಸುವ ಊರಲ್ಲಿ ಬೂದಿಗೆ ಬರವಿಲ್ಲ, ಅದೊಂದು ಪುಣ್ಯ.

ಮೈಗೆ ಆಗುವ ಕೇಡಿನ ವಿಷಯದಲ್ಲಿ ಪುಸ್ತಕದ ಬೆಲೆ ಇನ್ನೂ ಹೆಚ್ಚು. ಅಡಿಕೆ ಅಂಗಳಕ್ಕೆ ಹಿಂದೆ ಅಡಿಕೆ ಮರದ ಚಪ್ಪರವಿತ್ತು, ಈಗ ಸತುವು ಲೇಪಿಸಿದ ಜಿ.ಐ. ಪೈಪ್ ಬಂದಿದೆ. ಕೊಯ್ಲಿಗೆ ಮೊದಲು ಮುಗಿಸಿಕೊಡಿ ಎಂಬ ಅವಸರದಲ್ಲಿ ದಿನವಿಡೀ ಜಿ.ಐ. ಸುಟ್ಟ ಹುಡುಗನಿಗೆ ರಾತ್ರಿ ಚಳಿಜ್ವರ, ಬಾಯಲ್ಲಿ ತಾಮ್ರ ನೆಕ್ಕಿದಂಥ ರುಚಿ. ಅದು ಸತುವಿನ ಹೊಗೆಯ ಜ್ವರ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಮಂಗನ ಕಾಯಿಲೆ ಕಂಡ ತಾಲ್ಲೂಕುಗಳಲ್ಲಿ ಜ್ವರ ಎಂದ ಕೂಡಲೇ ಮನೆಯವರ ಎದೆ ಬೇರೆ ರೀತಿಯಲ್ಲಿ ಹೊಡೆದುಕೊಳ್ಳುತ್ತದೆ. ಏನು ಕೆಲಸ ಮಾಡಿದೆ ಎಂಬುದನ್ನು ಡಾಕ್ಟರಿಗೆ ಹೇಳಿದರೆ ಅನುಕೂಲ. ಹಾಲು ಕುಡಿದರೆ ಸತುವು ಇಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಜೋಡಣೆಯ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿ ಬರುವ ದಿಕ್ಕಿಗೆ ನಿಂತು ಸುಡುವುದೇ ದಾರಿ. ಕಣ್ಣಿನದೂ ಅಷ್ಟೆ: ಬೆಳಕು ತಾಗಿದ್ದು ಮಧ್ಯಾಹ್ನ, ಮರಳು ಹಾಕಿದ ಹಾಗೆ ಉರಿ ಶುರುವಾಗುವುದು ನಡುರಾತ್ರಿ. ಆಲೂಗೆಡ್ಡೆ ಹೋಳು ಇಟ್ಟರೆ ತಂಪೆನಿಸಬಹುದು, ಆದರೆ 10 ಅಥವಾ 11ನೇ ನಂಬರಿನ ಗಾಜಿನ ಕೆಲಸವನ್ನು ಕೂಲಿಂಗ್ ಗ್ಲಾಸು ಮಾಡಲಾರದು.

ಇಂಥದ್ದನ್ನು ಕನ್ನಡದಲ್ಲಿ ಬರೆಯಲು ಆಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆ ತಂದದ್ದು 1918ರಲ್ಲಿ. ಶಿವರಾಮ ಕಾರಂತರು ಒಬ್ಬರೇ ಕೂತು ವಿಜ್ಞಾನ ಪ್ರಪಂಚ ಬರೆದರು. ಆದರೂ ನಮ್ಮ ವಿಜ್ಞಾನ ಬರವಣಿಗೆಗೆ ನಕ್ಷತ್ರ, ಹಕ್ಕಿ, ಹಾವುಗಳ ಮೇಲಿರುವ ಪ್ರೀತಿ ಕಸುಬುಗಳ ಮೇಲಿಲ್ಲ. ನಾಟಕದ ಬಗ್ಗೆ ಕಪಾಟು ತುಂಬುವಷ್ಟು ಪುಸ್ತಕ ಅಚ್ಚಾಗುವ ಹೆಗ್ಗೋಡು ಇರುವುದು ಸಾಗರ ತಾಲ್ಲೂಕಿನಲ್ಲೇ. ಕೆಲಸ ಮಾಡುವವರಿಂದಲೇ ಬರೆಸುವ ದಾರಿ ತೋರಿಸಿದ್ದು ಪುತ್ತೂರಿನ ‘ಅಡಿಕೆ ಪತ್ರಿಕೆ’. 1988ರಿಂದ ಅದು ತೋಟದವರ ಕೈಗೇ ಪೆನ್ನು ಕೊಟ್ಟಿತು. ವೆಲ್ಡರ್‌ಗಳ ಕೈಗೆ ಪೆನ್ನು ಕೊಟ್ಟವರನ್ನು ನಾನು ಕಂಡಿಲ್ಲ.

ಈಗ ಆ ಜಾಗಕ್ಕೆ ಯೂಟ್ಯೂಬ್ ಬಂದಿದೆ. ಕರಗಿದ ಲೋಹ ಕುಲುಕುವುದನ್ನು ಹತ್ತಿರದಿಂದ ತೋರಿಸುವುದರಲ್ಲಿ ಪುಸ್ತಕ ಅದರ ಮುಂದೆ ನಿಲ್ಲಲಾರದು. ಮಿಗ್ ಮಷೀನು ಕೊಂಡವರು ಹೆಚ್ಚಾಗಿ ಅದನ್ನು ನೋಡಿಯೇ ಕೈ ಹಚ್ಚುತ್ತಿದ್ದಾರೆ. ವಿಡಿಯೊ ಮಾಡುವವರಿಗೆ ಸಾಮಾನ್ಯವಾಗಿ ಬೀಡಿನ ಮೇಲ್ಮೈಯ ಅಂದವೇ ಮುಖ್ಯ. ಐ.ಟಿ.ಐ. ಪುಸ್ತಕ ಇಲ್ಲಿ ಒಂದು ಹೆಜ್ಜೆ ಮುಂದಿದೆ: ಬೆಸುಗೆಗೆ ಗರಗಸದಲ್ಲಿ ಕಚ್ಚು ಹಾಕಿ, ಸುತ್ತಿಗೆಯಿಂದ ಹೊಡೆದು ಮುರಿದು, ಒಳಗೆ ಸ್ಲ್ಯಾಗ್ ಸಿಕ್ಕಿಕೊಂಡಿದೆಯೇ, ಬೇರಿನವರೆಗೆ ಲೋಹ ಇಳಿದಿದೆಯೇ ನೋಡು ಎನ್ನುತ್ತದೆ. ಮಿಗ್‌ನಲ್ಲಂತೂ ಮೇಲೆ ನುಣ್ಣಗೆ ಕೂತು ಒಳಗೆ ಹಿಡಿಯದೇ ಇರುವುದು ಮಾಮೂಲು. ಕಬ್ಬಿಣ ದಂಡ ಎಂದು ಯಜಮಾನರು ಗೊಣಗಬಹುದು. ಗುಜರಿಗೆ ಹಾಕುವ ಆಂಗಲ್ ತುಂಡಿನಲ್ಲಿ ಮಾಡಿ ನೋಡಲು ಅವರ ಅಪ್ಪಣೆಯೂ ಬೇಕಾಗಿಲ್ಲ.